ದೋಹಾ ಫೈನಲ್ 2016: ಬಿಎಫ್‌ಸಿ ಹೆದರಿ ಆಡಿತಾ, ಇಲ್ಲ ಅಷ್ಟೇ ಆಗ್ತಿತ್ತಾ?

ಹಲಸೂರು ಕೆರೆ ಏರಿ

ಮೊನ್ನೆ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ಮಗನಿಗೆ ಈಗ ಹದಿನೇಳು, ಆರ್ಸೆನಲ್ ಹುಚ್ಚು. ಮಾತಿಗೆ ಮಾತು ಬಂದು ನಾನು, 2016ರ ಎಎಫ್‌ಸಿ ಕಪ್ ಫುಟ್‌ಬಾಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫೈನಲ್‌ಗೆ ಹೋಗಿತ್ತು ಕಣೋ, ಅಲ್ಲಿಯ ತನಕ ಭಾರತದ ಒಂದು ಕ್ಲಬ್ಬೂ ಹೋಗಿರಲಿಲ್ಲ ಅಂದೆ. ಅವನು ಚಪಾತಿ ಮುರೀತಾ, "ಮಾಮ, ಅದು ಏಷ್ಯಾದ ಎರಡನೇ ದರ್ಜೆ ಕಪ್ಪು. ಅದರಲ್ಲೂ ಸೋತಿರಿ. ಇಡೀ ಮ್ಯಾಚ್ ಹಿಂದೆ ನಿಂತು ಹೆದರಿಕೊಂಡು ಆಡಿದ್ರಂತೆ" ಅಂದ. ಅಕ್ಕ ಬೇರೆ ನಕ್ಕಳು.

ಉತ್ತರ ಕೊಡೋಕೆ ಹೋಗಿ ನಾನೇ ತಡವರಿಸಿದೆ. ನವೆಂಬರ್ 5, ದೋಹಾದ ಸುಹೈಮ್ ಬಿನ್ ಹಮದ್ ಸ್ಟೇಡಿಯಂ, ಎದುರಿಗೆ ಇರಾಕಿನ ಅಲ್-ಕುವಾ ಅಲ್-ಜವಿಯಾ, 1-0 ಸೋಲು, ಎಪ್ಪತ್ತನೇ ನಿಮಿಷದ ಆಸುಪಾಸಿನಲ್ಲಿ ಹಮ್ಮಾದಿ ಅಹ್ಮದ್ ಗೋಲು. ಇಷ್ಟು ನೆನಪಿದೆ. ಆದರೆ ಹುಡುಗ ಹೇಳಿದ್ದು ಸರಿನಾ? ಕೋಚ್ ರೋಕಾ ಜಾಸ್ತಿನೇ ಕಾಪಾಡಿಕೊಳ್ಳೋಕೆ ಹೋದ್ರಾ? ಗೋಲ್‌ಕೀಪರ್ ಅಮರಿಂದರ್ ಇಲ್ಲದೆ ಇದ್ದದ್ದು ಪೆಟ್ಟಾಯಿತಾ? ಇಲ್ಲ ಆ ಇರಾಕಿನವರು ನಮಗಿಂತ ಒಂದು ಕೈ ಮೇಲೇನಾ? ನೋಡಿದವರು ಹೇಳಿ. ಮುಂದಿನ ಭಾನುವಾರ ಮತ್ತೆ ಊಟಕ್ಕಿದೆ.

ನೀಲಿ ಶರ್ಟು

ಎರಡನೇ ದರ್ಜೆ ಅಂದ್ನಾ? ಹೋಳಿಗೆ ಬಡಿಸಬೇಡಿ ಅವನಿಗೆ.

ಆಫ್‌ಸೈಡ್ ಅಣ್ಣ

ಹುಡುಗ ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಬೇಜಾರಾಗಬೇಡಿ. ಎಎಫ್‌ಸಿ ಕಪ್ ಎರಡನೇ ಸ್ತರದ್ದೇ. ಮೇಲೆ ಚಾಂಪಿಯನ್ಸ್ ಲೀಗ್ ಇತ್ತು, ಜಪಾನ್, ಕೊರಿಯಾ, ಸೌದಿ, ಚೀನಾದವರೆಲ್ಲ ಅಲ್ಲಿ. ಆದರೆ ಎರಡನೇ ಸ್ತರ ಅಂದ ಮಾತ್ರಕ್ಕೆ ಸುಲಭ ಅಂತಲ್ಲ. 2004ರಲ್ಲಿ ಶುರುವಾದ ಕಪ್ಪು ಅದು. ಹನ್ನೆರಡು ವರ್ಷ ನಮ್ಮವರು ಆಡಿ ಆಡಿ ಸೆಮಿಫೈನಲ್ ಮುಟ್ಟಿದ್ದು ಎರಡೇ ಸಲ, 2008ರಲ್ಲಿ ಡೆಂಪೊ, 2013ರಲ್ಲಿ ಈಸ್ಟ್ ಬೆಂಗಾಲ್. ನೂರು ವರ್ಷದ ಕೋಲ್ಕತ್ತಾ ಕ್ಲಬ್ಬುಗಳಿಗೆ ಆಗದ್ದನ್ನು 2013ರಲ್ಲಿ ಹುಟ್ಟಿದ ಕ್ಲಬ್ಬು ಮೂರು ವರ್ಷಕ್ಕೆ ಮಾಡಿತು. ಇದನ್ನ ಹೇಳಿ ಅವನಿಗೆ.

ಇನ್ನು ಹೆದರಿ ಆಡಿದ್ದರ ಬಗ್ಗೆ, ಹೌದು, ಆಡಿದರು. ನಾನು ಆವತ್ತೂ ಹೇಳಿದ್ದೆ, ಈಗಲೂ ಹೇಳ್ತೀನಿ. ಸೆಮಿಫೈನಲ್‌ನಲ್ಲಿ ಕಂಠೀರವದಲ್ಲಿ ಮಲೇಷ್ಯಾದ ಜೊಹೋರ್ ಮೇಲೆ ಹೇಗೆ ಆಡಿದರೋ ಅದರ ಕಾಲು ಭಾಗ ದೋಹಾದಲ್ಲಿ ಕಾಣಲಿಲ್ಲ. ನಾಯಕ ಛೆಟ್ರಿ ಒಬ್ಬರೇ ಮುಂದೆ ನಿಂತು ಬಾಲಿಗೆ ಕಾಯುತ್ತಾ ಇದ್ದರು, ಬಸ್ ಸ್ಟಾಪಲ್ಲಿ ಕಾದ ಹಾಗೆ.

ಮೆಟ್ರೊ ಮಂಜ

ಕಂಠೀರವದಲ್ಲಿ 3-0 ಗೆದ್ದಿದ್ದು ಅಲ್ವಾ ಸೆಮಿಫೈನಲ್? ನಾನು ಇದ್ದೆ ಅವತ್ತು. ಆಗಷ್ಟೇ ನೇರಳೆ ಲೈನ್ ಸುರಂಗ ಶುರುವಾಗಿ ಆರು ತಿಂಗಳಾಗಿತ್ತು. ಬೈಯಪ್ಪನಹಳ್ಳಿಯಲ್ಲಿ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದು ನಡೆದುಕೊಂಡು ಸ್ಟೇಡಿಯಂ. ಅದಕ್ಕೆ ಮೊದಲು ಒಂದೂವರೆ ಗಂಟೆ ಬಸ್ಸಲ್ಲಿ ಬೆವರು ಸುರಿಸಿ ಬರಬೇಕಿತ್ತು.

ವೆಸ್ಟ್ ಬ್ಲಾಕ್ ವಾಣಿ

3-0 ಅಲ್ಲ ಮಂಜ, 3-1. ಇದ್ದೆ ಅಂತೀಯ, ಸ್ಕೋರು ಗೊತ್ತಿಲ್ಲ. 3-0 ಆಗಿದ್ದು ಅದೇ ವರ್ಷ ಗ್ರೂಪ್ ಹಂತದಲ್ಲಿ, ಅದೇ ಕಂಠೀರವದಲ್ಲಿ, ಜೊಹೋರ್ ನಮಗೆ ಹೊಡೆದದ್ದು.

ಆ ಸೆಮಿ ಎರಡನೇ ಲೆಗ್ ಅಕ್ಟೋಬರ್ 19, ಬುಧವಾರ. ಮೊದಲ ಲೆಗ್ ಮಲೇಷ್ಯಾದಲ್ಲಿ 1-1, ನಮ್ಮ ಗೋಲು ಯುಜಿನ್‌ಸನ್ ಲಿಂಗ್ಡೊದು. ಎರಡೂ ಲೆಗ್ ಸೇರಿ ಸಮ ಆದರೆ ಎದುರಾಳಿ ಊರಲ್ಲಿ ಹೊಡೆದ ಗೋಲಿಗೆ ಬೆಲೆ ಜಾಸ್ತಿ, ಅಂದರೆ ಇಲ್ಲಿ ಸೊನ್ನೆ ಸೊನ್ನೆ ಆದರೂ ನಾವು ಫೈನಲ್‌ಗೆ. ಹನ್ನೊಂದನೇ ನಿಮಿಷದಲ್ಲೇ ಅವರ ಸಾಫಿಕ್ ರಹೀಮ್ ಗೋಲು ಹೊಡೆದು ಆ ಲೆಕ್ಕ ಎಲ್ಲ ನೀರಲ್ಲಿ ಹೋಯಿತು. ಡ್ರಮ್ ಹಿಡಿದವನ ಕೈ ಮೇಲೇ ನಿಂತುಹೋಯಿತು. ಹಾಫ್ ಟೈಮಿಗೆ ಸ್ವಲ್ಪ ಮುಂಚೆ ಛೆಟ್ರಿ ಸಮ ಮಾಡಿದರು. ಆಮೇಲೆ 66ನೇ ನಿಮಿಷದ್ದು ಇದೆಯಲ್ಲ, ದೂರದಿಂದ ಹೊಡೆದದ್ದು, ಅದನ್ನ ನಾನು ನೋಡಲೇ ಇಲ್ಲ. ಮುಂದಿನವನು ಎದ್ದು ನಿಂತಿದ್ದ. ಸದ್ದು ಕೇಳಿ ಗೋಲು ಅಂತ ಗೊತ್ತಾಯಿತು. ಹುವಾನನ್ ಮೂರನೆಯದು ಹಾಕಿದಾಗ ನನ್ನ ಪಕ್ಕದ ಅಂಕಲ್, ಪರಿಚಯವೇ ಇಲ್ಲದವರು, ನನ್ನ ತಲೆ ಮೇಲೆ ನೀರಿನ ಬಾಟಲಿ ಪೂರ್ತಿ ಖಾಲಿ ಮಾಡಿ ಆಮೇಲೆ ಸಾರಿ ಮಗಳೇ ಅಂದರು.

ಮೆಟ್ರೊ ಮಂಜ

ಸರಿ ಅಕ್ಕ 3-1. ನಿಜ ಹೇಳಬೇಕಂದ್ರೆ ನಾನು ಹಾಫ್ ಟೈಮಲ್ಲಿ ಹೊರಟುಬಿಟ್ಟೆ. ಕೊನೆ ಮೆಟ್ರೊ ತಪ್ಪುತ್ತೆ ಅಂತ ಭಯ.

ವೆಸ್ಟ್ ಬ್ಲಾಕ್ ವಾಣಿ

ಇವನನ್ನ ಯಾರಾದರೂ ಇಲ್ಲಿಂದ ಹೊರಗೆ ಹಾಕಿ.

ನೀಲಿ ಶರ್ಟು

ಹತ್ತು ವರ್ಷ ಮುಚ್ಚಿಟ್ಟಿದ್ದೀಯಲ್ಲೋ ಮಂಜ.

ದೋಹಾ ಕರಾವಳಿ

ನಮಸ್ಕಾರ. ನಾನು ಪುತ್ತೂರಿನವನು, ಆಗ ದೋಹಾದಲ್ಲಿ ಕಟ್ಟಡ ಕಂಪನಿಯೊಂದರಲ್ಲಿ ಕೆಲಸ. ಫೈನಲ್‌ಗೆ ಹೋಗಿದ್ದೆ. ಟೀವಿಯಲ್ಲಿ ನೋಡಿದವರಿಗೂ ಅಲ್ಲಿ ಕೂತವರಿಗೂ ಮ್ಯಾಚ್ ಬೇರೆ ಬೇರೆ ಕಂಡಿರುತ್ತೆ ಅನಿಸುತ್ತದೆ, ಅದಕ್ಕೆ ಸ್ವಲ್ಪ ಉದ್ದ ಬರೀತೇನೆ.

ಮೊದಲಿಗೆ ಒಂದು ವಿಷಯ. ಫೈನಲ್ ತಟಸ್ಥ ಜಾಗದಲ್ಲಿ ಆಯಿತು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ. ಇರಾಕಿನ ಪರಿಸ್ಥಿತಿಯಿಂದ ಅಲ್ಲಿ ಅಂತಾರಾಷ್ಟ್ರೀಯ ಪಂದ್ಯ ಆಡಿಸುತ್ತಿರಲಿಲ್ಲ. ಅವರ ತವರಿನ ಪಂದ್ಯಗಳೆಲ್ಲ ದೋಹಾದಲ್ಲೇ. ಅಂದರೆ ಆ ಸ್ಟೇಡಿಯಂ ಅವರಿಗೆ ಬಾಡಿಗೆ ಮನೆ ಇದ್ದ ಹಾಗೆ. ನಮಗೆ ಅದೂ ಇಲ್ಲ. ಆದರೆ ಜನ ನಮ್ಮವರೂ ಕಮ್ಮಿ ಇರಲಿಲ್ಲ. ಬೆಂಗಳೂರಿಂದ ಹಾರಿ ಬಂದ ನೀಲಿ ಪಡೆ ಒಂದು ಕಡೆ. ವಿನೀತ್, ರಿನೊ ಆಂಟೊ ಆಡ್ತಾರೆ ಅಂತ ಬಂದ ಮಲಯಾಳಿಗಳು ಇನ್ನೊಂದು ಕಡೆ. ನಮ್ಮಂಥ ಕನ್ನಡ, ತುಳು ಜನ ಮಧ್ಯದಲ್ಲಿ. ಯಾವ ಹಾಡು ಹಾಡಬೇಕು ಅಂತ ಗೊತ್ತಾಗದೆ ಎಲ್ಲರೂ ಸೇರಿ ಇಂಡಿಯಾ ಇಂಡಿಯಾ ಅಂತ ಕೂಗಿದ್ದೇ ಕೂಗಿದ್ದು.

ನನ್ನ ಪಕ್ಕದ ಸೀಟಲ್ಲಿ ಒಬ್ಬ ಇರಾಕಿ, ಐವತ್ತು ದಾಟಿದವರು. ತಪ್ಪಿ ನಮ್ಮ ಕಡೆ ಕೂತಿದ್ದರೋ ಬೇಕಂತಲೇ ಕೂತರೋ ಗೊತ್ತಿಲ್ಲ. ಕೈಯಲ್ಲಿ ಸೂರ್ಯಕಾಂತಿ ಬೀಜದ ಪೊಟ್ಟಣ. ನನಗೂ ಕೊಟ್ಟರು. ಒಂದು ಗಂಟೆ ಇಬ್ಬರೂ ಬೀಜ ಕಡಿಯುತ್ತಾ ಕೂತೆವು, ಭಾಷೆ ಇಲ್ಲ, ಬರೀ ತಲೆ ಅಲ್ಲಾಡಿಸೋದು. ಅಮ್ಜದ್ ರಾಧಿ ಒಳಗೆ ನುಗ್ಗಿ ಪಾಸ್ ಕೊಟ್ಟು ಹಮ್ಮಾದಿ ತಳ್ಳಿದಾಗ ಆ ಪೊಟ್ಟಣ ಪೂರ್ತಿ ನನ್ನ ತಲೆ ಮೇಲೆ. ರೂಮಿಗೆ ಹೋಗಿ ಸ್ನಾನ ಮಾಡುವಾಗಲೂ ಕೂದಲಲ್ಲಿ ಸಿಪ್ಪೆ ಸಿಕ್ಕಿತು.

ವೆಸ್ಟ್ ಬ್ಲಾಕ್ ವಾಣಿ

ನನಗೆ ನೀರು, ನಿಮಗೆ ಬೀಜ. ಒಟ್ಟಲ್ಲಿ ಗಿಡ ಬೆಳೆಯಬೇಕಿತ್ತು.

ಆಫ್‌ಸೈಡ್ ಅಣ್ಣ

ಚೆನ್ನಾಗಿದೆ ಕರಾವಳಿ ಸಾರ್. ಆದರೆ ಆಟದ ಬಗ್ಗೆ ಹೇಳಿ. ಹಿಂದೆ ಸರಿದು ನಿಂತಿದ್ದು ನಿಜ ತಾನೇ?

ದೋಹಾ ಕರಾವಳಿ

ನಿಂತಿದ್ದು ನಿಜ. ಹೆದರಿ ಅಂತ ನನಗೆ ಅನಿಸಲಿಲ್ಲ. ಅವರ ಮಿಡ್‌ಫೀಲ್ಡ್ ನಮ್ಮವರನ್ನು ತಳ್ಳಿತು, ಇವರು ಹಿಂದೆ ಹೋದರು. ಅವರ ಆಳುಗಳ ಮೈಕಟ್ಟು ಹತ್ತಿರದಿಂದ ನೋಡಬೇಕಿತ್ತು ನೀವು. ಹೆಗಲಿಗೆ ಹೆಗಲು ಕೊಟ್ಟಾಗ ನಮ್ಮವರೇ ಬೀಳ್ತಿದ್ದದ್ದು.

ಗೋಲ್‌ಪೋಸ್ಟ್ ಗೀತಾ

ಅಮರಿಂದರ್ ವಿಷಯಕ್ಕೆ ಬರ್ತೀನಿ. ಹಳದಿ ಕಾರ್ಡುಗಳ ಲೆಕ್ಕದಲ್ಲಿ ಅವರು ಫೈನಲ್‌ಗೆ ಸಸ್ಪೆಂಡ್. ಅವರ ಜಾಗಕ್ಕೆ ಮಿಜೋರಾಂನ ಲಾಲ್‌ಥುವಮ್ಮಾವಿಯಾ ರಾಲ್ತೆ. ನಾನು ಕಾಲೇಜು ತಂಡಕ್ಕೆ ಗೋಲ್‌ಕೀಪರ್ ಆಗಿದ್ದವಳು, ಅದಕ್ಕೇ ಈ ವಿಷಯ ನನಗೆ ಜಾಸ್ತಿ ತಾಗುತ್ತೆ. ಇಡೀ ಋತು ಬೆಂಚಲ್ಲಿ ಕೂತು, ಕ್ಲಬ್ಬಿನ ಚರಿತ್ರೆಯಲ್ಲೇ ದೊಡ್ಡ ಮ್ಯಾಚಿಗೆ, ಹೋಗಪ್ಪಾ ನಿಲ್ಲು ಅಂದರೆ ಹೊಟ್ಟೆಯಲ್ಲಿ ಏನಾಗುತ್ತೆ ಅಂತ ನಿಂತವರಿಗೇ ಗೊತ್ತು. ಆ ಒಂದು ಗೋಲಲ್ಲಿ ಕೀಪರ್ ಮಾಡೋದು ಏನೂ ಇರಲಿಲ್ಲ. ಪಕ್ಕದಿಂದ ಬಾಲು ಎಳೆದು ಕೊಟ್ಟಾಗ ಎದುರಿಗೆ ಖಾಲಿ ಗೋಲು. ಅಮರಿಂದರ್ ಇದ್ದರೂ ಅದು ಒಳಗೇ. ರಾಲ್ತೆ ಮೇಲೆ ಯಾರಾದರೂ ತಪ್ಪು ಹಾಕಿದರೆ ನಾನು ಜಗಳಕ್ಕೆ ಸಿದ್ಧ.

ಆಫ್‌ಸೈಡ್ ಅಣ್ಣ

ರಾಲ್ತೆ ಮೇಲೆ ಯಾರೂ ಹಾಕ್ತಿಲ್ಲ ಗೀತಕ್ಕ. ಆ ಕಾರ್ಡ್ ತಿಂದ ಅಮರಿಂದರ್ ಮೇಲೆ ಹಾಕ್ತೀನಿ. ಫೈನಲ್ ಕಣ್ಣಮುಂದೆ ಇರುವಾಗ ಮೈಮೇಲೆ ಎಚ್ಚರ ಬೇಡ್ವಾ?

ಗೋಲ್‌ಪೋಸ್ಟ್ ಗೀತಾ

ಅದು ಒಪ್ಪಬಹುದು.

ಧಾರವಾಡ ಪೇಡೆ

ನಾ ಒಂದು ಕೇಳ್ತೀನ್ರಿ. ಈ ತಂಡದಾಗ ಕನ್ನಡದ ಹುಡುಗರು ಎಷ್ಟು ಮಂದಿ ಇದ್ದರು? ಛೆಟ್ರಿ ಹುಟ್ಟಿದ್ದು ಸಿಕಂದರಾಬಾದ್, ವಿನೀತ್ ಕಣ್ಣೂರು, ರಿನೊ ತ್ರಿಶ್ಶೂರು, ಲಿಂಗ್ಡೊ ಶಿಲ್ಲಾಂಗ್, ಉದಾಂತ ಮಣಿಪುರ. ಹೆಸರು ಮಾತ್ರ ಬೆಂಗಳೂರು. ನಮ್ಮ ತಂಡ ನಮ್ಮ ತಂಡ ಅಂತ ಎದೆ ಬಡಕೊಳ್ಳೋದು ಯಾಕ?

ನೀಲಿ ಶರ್ಟು

ಬಂತಪ್ಪ. ಈ ಪ್ರಶ್ನೆ ಇನ್ನೂ ಯಾಕೆ ಬರಲಿಲ್ಲ ಅಂತ ನೋಡ್ತಿದ್ದೆ.

ಆಸ್ಟಿನ್ ಟೌನ್ ತಾತ

ಪೇಡೆಯವರೇ, ಪ್ರಶ್ನೆ ಸರಿಯಾದದ್ದೇ, ಸುಮ್ನೆ ಕಿಚಾಯಿಸೋದು ಬೇಡ ಯಾರೂ. ನನಗೆ ಎಪ್ಪತ್ತೆರಡು. ಆಸ್ಟಿನ್ ಟೌನ್ ಗ್ರೌಂಡ್ ಪಕ್ಕ ಬೆಳೆದವನು. ಈ ಊರಿಗೆ ಫುಟ್‌ಬಾಲ್ 2013ರಲ್ಲಿ ಬಂತು ಅಂತ ಈಗಿನವರು ಮಾತಾಡುವಾಗ ನಗು ಬರುತ್ತದೆ. ಆಗಿನ ಮೈಸೂರು ರಾಜ್ಯದ ತಂಡ 1946ರಲ್ಲೇ ಬಂಗಾಳವನ್ನು ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದಿತ್ತು. ಅರವತ್ತರ ದಶಕದ ಕೊನೆಗೆ ಸತತ ಎರಡು ಸಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಅದು. ಆಗ ಗೌತಮಪುರ, ಮರ್ಫಿ ಟೌನ್, ಆಸ್ಟಿನ್ ಟೌನ್ ಗಲ್ಲಿಗಳಲ್ಲಿ ಬರಿಗಾಲಲ್ಲಿ ಆಡಿದ ಹುಡುಗರಿಗೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳಲ್ಲಿ ಕೆಲಸ ಸಿಗುತ್ತಿತ್ತು. ಕಾರ್ಖಾನೆಯವರು ತಂಡ ಇಡೋದನ್ನ ಕಮ್ಮಿ ಮಾಡಿದರು, ಹುಡುಗರು ಆಟ ಕಮ್ಮಿ ಮಾಡಿದರು. ಇದಕ್ಕೆ ಬಿಎಫ್‌ಸಿ ಕಾರಣ ಅಲ್ಲ.

ಆವತ್ತು ಫೈನಲ್ ರಾತ್ರಿ ನಮ್ಮ ಬೀದಿಯಲ್ಲಿ ಒಂದು ಅಂಗಡಿ ಮುಂದೆ ಟೀವಿ ಇಟ್ಟಿದ್ದರು. ಹಳೇ ಆಟಗಾರರು ನಾಲ್ಕು ಜನ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಯಾರೂ ಲಿಂಗ್ಡೊ ಯಾವ ಊರು ಅಂತ ಕೇಳಲಿಲ್ಲ. ಅವನ ಕಾರ್ನರ್ ಕಿಕ್ ಎಷ್ಟು ಎತ್ತರ ಬರಬೇಕಿತ್ತು ಅಂತ ಮಾತ್ರ ಬೈದರು.

ಧಾರವಾಡ ಪೇಡೆ

ತಾತ, ಆಯಿತು ಬಿಡ್ರಿ. ಆದರ 2023ರಾಗ ರಿಯಾದ್‌ನ್ಯಾಗ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಾಗ ಇಲ್ಲಿ ಯಾರೂ ಇಷ್ಟು ಉದ್ದ ಬರೀಲಿಲ್ಲ. 54 ವರ್ಷ ಆದ ಮ್ಯಾಲೆ ಬಂದದ್ದು. ಅದು ನಮ್ಮ ಹುಡುಗರ ತಂಡ.

ಆಸ್ಟಿನ್ ಟೌನ್ ತಾತ

ಅದು ನೂರಕ್ಕೆ ನೂರು ಸರಿ. ಮೇಘಾಲಯದ ಮೇಲೆ 3-2. ಅವತ್ತು ನಾನು ಅತ್ತಿದ್ದೆ, ಇಲ್ಲಿ ಬರೆಯಲಿಲ್ಲ ಅಷ್ಟೇ.

ಕಾವೇರಿ ಕಾಲುವೆ

ಎಲ್ಲರೂ ಸೆಮಿ, ಫೈನಲ್ ಅಂತಿದ್ದೀರಿ. ಆ ವರ್ಷ ನನ್ನ ಮನಸ್ಸಲ್ಲಿ ಉಳಿದದ್ದು ಕ್ವಾರ್ಟರ್ ಫೈನಲ್. ಸೆಪ್ಟೆಂಬರ್ 14, ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ಜೊತೆ, ಕಂಠೀರವದಲ್ಲಿ. ಎರಡು ದಿನ ಹಿಂದೆ ಊರಿಗೆ ಬೆಂಕಿ ಬಿದ್ದಿತ್ತು, ನೆನಪಿದೆಯಾ? ಕಾವೇರಿ ನೀರಿನ ಗಲಾಟೆ. ತಮಿಳುನಾಡು ನಂಬರಿನ ಬಸ್ಸು, ಲಾರಿ ಸುಟ್ಟರು, ಎಷ್ಟೋ ಪೊಲೀಸ್ ಠಾಣೆ ವ್ಯಾಪ್ತಿಯಲ್ಲಿ ಕರ್ಫ್ಯೂ. ಮ್ಯಾಚ್ ನಡೆಯುತ್ತಾ ಇಲ್ಲವಾ ಅಂತ ಆಫೀಸಲ್ಲಿ ಬೆಟ್ ಕಟ್ಟಿದ್ದೆವು.

ನನ್ನ ರೂಮ್‌ಮೇಟ್ ಹೊಸೂರಿನವನು, ತಮಿಳು ಹುಡುಗ, ನನಗಿಂತ ಜಾಸ್ತಿ ಬಿಎಫ್‌ಸಿ ಹುಚ್ಚ. ಅವನ ಬೈಕು ಟಿಎನ್ ನಂಬರು. ಅವನು ಬರ್ತೀನಿ ಅಂತ ಹಟ, ನಾನು ಬೇಡ ಅಂತ. ಕೊನೆಗೆ ನನ್ನ ಬೈಕಲ್ಲಿ ಹೊರಟೆವು. ರಸ್ತೆ ಖಾಲಿ, ಅಂಗಡಿಗಳ ಬಾಗಿಲು ಅರ್ಧ ಎಳೆದಿದ್ದವು. ದಾರಿಯಲ್ಲಿ ಅವನು ಒಂದು ಮಾತೂ ಆಡಲಿಲ್ಲ, ತಮಿಳು ಬಾಯಿಗೆ ಬಂದುಬಿಡುತ್ತೆ ಅಂತ. ಗೇಟು ದಾಟಿ ಒಳಗೆ ಹೋದ ಮೇಲೆ ಬಾಯಿ ಬಿಟ್ಟವನು ಕೊನೆ ತನಕ ಮುಚ್ಚಲಿಲ್ಲ. ವಿನೀತ್ ಶುರುವಿನಲ್ಲೇ ಗೋಲು ಹೊಡೆದರು, 1-0. ಸಿಂಗಪುರದಲ್ಲಿ 0-0 ಮಾಡಿಕೊಂಡು ಬಂದರು, ಮುಂದಕ್ಕೆ ಹೋದೆವು. ಆ ಒಂದು ಗೋಲಿನ ಮೇಲೆ ಇಡೀ ಕಥೆ ನಿಂತಿತ್ತು.

ನೀಲಿ ಶರ್ಟು

ಇದು ಮರೆತೇ ಹೋಗಿತ್ತು. ಅವತ್ತು ಸ್ಟೇಡಿಯಂ ಬಿಕೋ ಅನ್ನುತ್ತಿತ್ತು, ಅಲ್ವಾ?

ಕಾವೇರಿ ಕಾಲುವೆ

ಬಿಕೋ ಅಂತಲ್ಲ. ಬಂದವರು ಮೂರು ಪಟ್ಟು ಕೂಗಿದರು.

ಬಾಗಾನ್ ಬಸವ

ಅದೇ ಟ್ಯಾಂಪಿನ್ಸ್ ಅದಕ್ಕಿಂತ ಮೊದಲು ಮೋಹನ್ ಬಾಗಾನನ್ನು ಗುವಾಹಟಿಯಲ್ಲಿ ಎಕ್ಸ್‌ಟ್ರಾ ಟೈಮಲ್ಲಿ 2-1 ಹೊಡೆದು ಕಳಿಸಿತ್ತು. ಇಲ್ಲದಿದ್ದರೆ ಕ್ವಾರ್ಟರ್‌ನಲ್ಲಿ ಬಾಗಾನ್–ಬಿಎಫ್‌ಸಿ. ನಾನು ಹುಟ್ಟಿದ್ದು ದಾವಣಗೆರೆ, ಕೆಲಸಕ್ಕೆ ಕೋಲ್ಕತ್ತಾದಲ್ಲಿ ಎಂಟು ವರ್ಷ. ಯಾರ ಕಡೆ ಕೂಗಬೇಕು ಅನ್ನೋ ತಲೆನೋವು ತಪ್ಪಿತು ನನಗೆ.

ಲೆಕ್ಕದ ಮೇಷ್ಟ್ರು

ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಡ್ತಾ ಇಲ್ಲ, ಊರೆಲ್ಲ ಸುತ್ತುತ್ತಾ ಇದ್ದೀರಿ. ನನ್ನ ಮಾತು ಕೇಳಿ.

ರೋಕಾ ತಪ್ಪು ಅಲ್ಲ, ಅಮರಿಂದರ್ ತಪ್ಪು ಅಲ್ಲ. ತಪ್ಪು ಕ್ಯಾಲೆಂಡರಿನದು. ಆ ವರ್ಷ ದೇಶದ ಕ್ಲಬ್ಬುಗಳ ಐ-ಲೀಗ್ ಏಪ್ರಿಲ್‌ನಲ್ಲಿ ಮುಗಿಯಿತು, ಬಿಎಫ್‌ಸಿ ಚಾಂಪಿಯನ್. ಮೇ ಕೊನೆಗೆ ಎಎಫ್‌ಸಿ ಕಪ್‌ಗಾಗಿ ಹಾಂಗ್‌ಕಾಂಗ್‌ಗೆ ಹೋಗಿ ಅಲ್ಲಿನ ಕಿಚಿ ಕ್ಲಬ್ಬನ್ನು 3-2 ಸೋಲಿಸಿದರು. ಅದಾದ ಮೇಲೆ ಕೋಚ್ ಆಶ್ಲೇ ವೆಸ್ಟ್‌ವುಡ್ ಬಿಟ್ಟರು. ಎರಡು ಲೀಗ್, ಒಂದು ಫೆಡರೇಷನ್ ಕಪ್ ಗೆದ್ದುಕೊಟ್ಟ ಮನುಷ್ಯ. ಜುಲೈನಲ್ಲಿ ರೋಕಾ ಬಂದರು. ಬಾರ್ಸಿಲೋನಾದಲ್ಲಿ ರೈಕಾರ್ಡ್ ಜೊತೆ ಸಹಾಯಕ ಆಗಿದ್ದವರು, ಆಟದ ಶೈಲಿಯೇ ಬೇರೆ. ಅಂದರೆ ಟೂರ್ನಿ ಅರ್ಧ ಮುಗಿದ ಮೇಲೆ ಕೋಚ್ ಬದಲು.

ಅಲ್ಲಿಂದ ನವೆಂಬರ್ ತನಕ ಬಿಎಫ್‌ಸಿಗೆ ಒಂದೇ ಒಂದು ಲೀಗ್ ಪಂದ್ಯ ಇಲ್ಲ. ಯಾಕೆ? ಅಕ್ಟೋಬರ್‌ನಲ್ಲಿ ಇನ್ನೊಂದು ಲೀಗ್, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರು, ಬಿಎಫ್‌ಸಿ ಆಗ ಐಎಸ್‌ಎಲ್‌ನಲ್ಲಿ ಇರಲಿಲ್ಲ. ಛೆಟ್ರಿ ಮುಂಬೈಗೆ, ವಿನೀತ್, ರಿನೊ ಕೇರಳಕ್ಕೆ, ಹೀಗೆ ಒಬ್ಬೊಬ್ಬರು ಒಂದೊಂದು ಕಡೆ ಹೋಗಬೇಕಿತ್ತು. ಫೈನಲ್ ಮುಗಿಯುವ ತನಕ ಹಿಡಿದು ಇಟ್ಟುಕೊಂಡಿದ್ದರು. ದೇಶದ ಟೀವಿಯಲ್ಲೆಲ್ಲ ಬೇರೆ ಲೀಗ್ ಓಡುತ್ತಾ ಇದೆ, ದೇಶದ ಚಾಂಪಿಯನ್ ತಂಡ ಅಭ್ಯಾಸ ಪಂದ್ಯ ಆಡಿಕೊಂಡು ಏಷ್ಯಾದ ಫೈನಲ್‌ಗೆ ತಯಾರಾಗುತ್ತಾ ಇದೆ. ಇಂಥ ತಮಾಷೆ ಎಲ್ಲಾದರೂ ಉಂಟಾ? ಪರೀಕ್ಷೆ ಹಿಂದಿನ ನಾಲ್ಕು ತಿಂಗಳು ಶಾಲೆಗೆ ರಜೆ ಕೊಟ್ಟು ಆಮೇಲೆ ಹುಡುಗ ಹೆದರಿಕೊಂಡು ಬರೆದ ಅಂತ ಬೈಯೋದು.

ಆಫ್‌ಸೈಡ್ ಅಣ್ಣ

ಮೇಷ್ಟ್ರೇ, ಹಾಗಾದರೆ ಅದೇ ತಂಡ ಅದೇ ರಜೆಯಲ್ಲಿ ಜೊಹೋರನ್ನು ಹೇಗೆ ಹೊಡೆಯಿತು? ಅವರು ಹಿಂದಿನ ವರ್ಷದ ಚಾಂಪಿಯನ್, ಗ್ರೂಪಲ್ಲಿ ನಮ್ಮನ್ನ ಎರಡೂ ಸಲ ಬಡಿದವರು. ಕ್ಯಾಲೆಂಡರ್ ಆಗಲೂ ಅದೇ ಇತ್ತಲ್ವಾ. ರೋಕಾ ಆವತ್ತು ಧೈರ್ಯ ಮಾಡಿದರು, ಫೈನಲ್‌ನಲ್ಲಿ ಮಾಡಲಿಲ್ಲ.

ಲೆಕ್ಕದ ಮೇಷ್ಟ್ರು

ಕಂಠೀರವದಲ್ಲಿ ಹೊಡೆಯಿತು. ತವರು. ಮಲೇಷ್ಯಾದಲ್ಲಿ ಇದೇ ರೋಕಾ, ಇದೇ ಹಿಂದೆ ಸರಿದ ಆಟ, 1-1 ಬಂತು, ಆಗ ನೀವೇ ಬುದ್ಧಿವಂತ ಕೋಚ್ ಅಂದಿರಿ. ದೋಹಾದಲ್ಲೂ ಎಪ್ಪತ್ತು ನಿಮಿಷ ಅದೇ ನಡೆಯಿತು. ಗೆದ್ದರೆ ಬುದ್ಧಿ, ಸೋತರೆ ಹೆದರಿಕೆ.

ಆಫ್‌ಸೈಡ್ ಅಣ್ಣ

ನಾನು ಹಾಗೆ ಅಂದಿದ್ದಕ್ಕೆ ಸಾಕ್ಷಿ ಎಲ್ಲಿದೆ?

ವೆಸ್ಟ್ ಬ್ಲಾಕ್ ವಾಣಿ

ನಾನಿದ್ದೀನಿ ಸಾಕ್ಷಿ. ಚರ್ಚ್ ಸ್ಟ್ರೀಟ್‌ನಲ್ಲಿ ಕಾಫಿ ಕುಡೀತಾ ಅಂದಿದ್ದೆ ನೀನು.

ಕುವೈತ್ ಕೇಳ್ವಿ

ಒಂದು ಕಹಿ ಮಾತು ಹೇಳಲಾ? ಆ ಎರಡು ವರ್ಷ ಕುವೈತಿನ ಕ್ಲಬ್ಬುಗಳು ಇರಲಿಲ್ಲ. 2015ರ ಅಕ್ಟೋಬರ್‌ನಲ್ಲಿ ಫಿಫಾ ಕುವೈತನ್ನು ಸಸ್ಪೆಂಡ್ ಮಾಡಿತು. ಅವರ ಎರಡು ಕ್ಲಬ್ಬು ಸೆಮಿಫೈನಲ್‌ನಲ್ಲಿದ್ದವು, ಎರಡನ್ನೂ ಹೊರಗೆ ಹಾಕಿದರು. ಜೊಹೋರ್ ಸೆಮಿ ಪೂರ್ತಿ ಆಡದೆ ಫೈನಲ್‌ಗೆ ಹೋಗಿ ಗೆದ್ದದ್ದು ಹಾಗೆ. ಅವರಿದ್ದಿದ್ದರೆ 2016ರಲ್ಲಿ ಇರಾಕಿನವರಾದರೂ ಗೆಲ್ಲುತ್ತಿದ್ದರಾ ಅಂತ ನನ್ನ ಅನುಮಾನ.

ಗೋಲ್‌ಪೋಸ್ಟ್ ಗೀತಾ

ಇದ್ದಿದ್ದರೆ ಹೋಗಿದ್ದರೆ ಬೇಡ. ಕುವೈತ್ ಪಶ್ಚಿಮ ವಲಯ, ನಾವು ಪೂರ್ವ. ಫೈನಲ್ ತನಕ ಅವರು ನಮಗೆ ಸಿಗ್ತಾನೇ ಇರಲಿಲ್ಲ. ನಾವು ಫೈನಲ್ ಮುಟ್ಟಿದ್ದಕ್ಕೂ ಅವರಿಗೂ ಏನು ಸಂಬಂಧ? ಆ ಇರಾಕಿ ಕ್ಲಬ್ಬನ್ನ ಹಗುರ ಮಾಡಬೇಡಿ. 1931ರ ಕ್ಲಬ್ಬು ಅದು, ಹೆಸರಿನ ಅರ್ಥವೇ ವಾಯುಪಡೆ. 2016, 2017, 2018, ಸತತ ಮೂರು ಸಲ ಕಪ್ಪು. ಹಮ್ಮಾದಿ ಅಹ್ಮದ್ ಆ ಒಂದು ಟೂರ್ನಿಯಲ್ಲೇ 16 ಗೋಲು. ನಮ್ಮ ಮೇಲೆ ಹೊಡೆದದ್ದು ಅದರಲ್ಲಿ ಒಂದೇ ಒಂದು ಅಂದರೆ ನಮ್ಮ ಡಿಫೆಂಡರುಗಳು ಹುವಾನನ್, ಜಾನ್ಸನ್ ಎಷ್ಟು ಚೆನ್ನಾಗಿ ಹಿಡಿದಿಟ್ಟಿದ್ದರು ಅಂತ ಲೆಕ್ಕ ಹಾಕಿ.

ದೋಹಾ ಕರಾವಳಿ

ಹೌದು. ಆ ಮೂರನೇ ಫೈನಲ್ 2018ರಲ್ಲಿ ಬಸ್ರಾದಲ್ಲೇ ಆಯಿತು, ಕೊನೆಗೂ ಅವರ ಸ್ವಂತ ನೆಲದಲ್ಲಿ. ಟೀವಿಯಲ್ಲಿ ನೋಡುವಾಗ ಆ ಬೀಜದ ಅಂಕಲ್ ನೆನಪಾದರು.

ಕಡ್ಲೆಪುರಿ

ಸಂಬಂಧ ಇಲ್ಲದ ಮಾತು, ಆದರೂ ಕೇಳ್ತೀನಿ. ಕಂಠೀರವದ ಹೊರಗೆ ಮ್ಯಾಚ್ ದಿನ ಮಾವಿನಕಾಯಿ ಹಾಕಿ ಚುರುಮುರಿ ಮಾಡ್ತಿದ್ದ ಒಬ್ಬ ಅಜ್ಜ ಇದ್ದರಲ್ಲ, ಈಗಲೂ ಬರ್ತಾರಾ? ನಾನು ಊರು ಬಿಟ್ಟು ಆರು ವರ್ಷ.

ಮೆಟ್ರೊ ಮಂಜ

ನಾನು ಹಾಫ್ ಟೈಮಲ್ಲಿ ಹೊರಗೆ ಬಂದಾಗ ಅಲ್ಲೇ ಇದ್ದರು. ಎರಡನೇ ಗೋಲಿನ ಸದ್ದು ಕೇಳಿದ್ದು ಅವರ ಗಾಡಿ ಮುಂದೆ ನಿಂತು. ಮೆಟ್ರೊ ಹಿಡಿಯೋಕೆ ಹೊರಟವನು ಚುರುಮುರಿ ತಿನ್ನುತ್ತಾ ಅಲ್ಲೇ ನಿಂತುಬಿಟ್ಟೆ, ಒಳಗೆ ವಾಪಸ್ ಬಿಡಲಿಲ್ಲ. ಮೂರನೆಯದು ಕೂಡ ಅಲ್ಲೇ ಕೇಳಿದ್ದು. ಅಜ್ಜ ದುಡ್ಡು ಬೇಡ ಹೋಗು ಅಂದರು.

ವೆಸ್ಟ್ ಬ್ಲಾಕ್ ವಾಣಿ

ಅಂದರೆ ಮೆಟ್ರೊನೂ ತಪ್ಪಿತು, ಮ್ಯಾಚೂ ತಪ್ಪಿತು.

ಮೆಟ್ರೊ ಮಂಜ

ಆಟೋದವನು ಇನ್ನೂರೈವತ್ತು ತಗೊಂಡ ಅಕ್ಕ.

ಟ್ರ್ಯಾಕ್ ಮೇಲಿನವನು

ಕಂಠೀರವ ಕಂಠೀರವ ಅಂತ ಹಾಡಿ ಹೊಗಳ್ತಿದ್ದೀರಿ. ನಾನು ಆಗ 400 ಮೀಟರ್ ಓಡ್ತಿದ್ದವನು. ಅದು ಅಥ್ಲೆಟಿಕ್ಸ್‌ಗೆ ಅಂತ ಇದ್ದ ಸ್ಟೇಡಿಯಂ. ಮ್ಯಾಚಿದ್ದಾಗ ನಮಗೆ ಅಭ್ಯಾಸಕ್ಕೆ ಜಾಗ ಇಲ್ಲ. ಆಮೇಲೆ ಅಥ್ಲೀಟುಗಳು ಕೋರ್ಟಿಗೂ ಹೋದರು. ನಿಮ್ಮ ನೀಲಿ ರಾತ್ರಿಗಳಿಗೆ ನಾವೂ ಬೆಲೆ ಕೊಟ್ಟಿದ್ದೀವಿ, ಅದೂ ಇರಲಿ ಇಲ್ಲಿ.

ಆಸ್ಟಿನ್ ಟೌನ್ ತಾತ

ಇದಕ್ಕೆ ಉತ್ತರ ಇಲ್ಲ ನಮ್ಮ ಹತ್ತಿರ. ಇಷ್ಟು ದೊಡ್ಡ ಊರಲ್ಲಿ ಫುಟ್‌ಬಾಲಿಗೆ ಅಂತ ಒಂದು ಸರಿಯಾದ ಸ್ಟೇಡಿಯಂ ಕಟ್ಟಿದ್ದರೆ ನೀವೂ ನಾವೂ ಜಗಳ ಆಡಬೇಕಾಗಿರಲಿಲ್ಲ. ಮೊದಲ ವರ್ಷ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲೇ ಆಡಿದರು, ಸಣ್ಣದು, ಆದರೆ ಜನ ಗೆರೆ ಪಕ್ಕದಲ್ಲೇ ಇದ್ದಂತೆ.

ನೀಲಿ ಶರ್ಟು

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಫೈನಲ್ ಶನಿವಾರ, ನವೆಂಬರ್ 5. ಭಾನುವಾರ ಎಲ್ಲ ಪೇಪರಲ್ಲೂ ಬಂತು. ಮಂಗಳವಾರ ರಾತ್ರಿ ಐನೂರು, ಸಾವಿರದ ನೋಟು ಬಂದ್. ಗುರುವಾರದಿಂದ ಊರಿಗೆ ಊರೇ ಬ್ಯಾಂಕ್ ಮುಂದೆ ಕ್ಯೂ. ಏಷ್ಯಾ ಫೈನಲ್ ಆಡಿ ಬಂದ ತಂಡದ ಬಗ್ಗೆ ನಾವು ಮಾತಾಡೋಕೆ ಸಿಕ್ಕಿದ್ದೇ ಮೂರು ದಿನ. ನಾನು ಎಟಿಎಂ ಕ್ಯೂನಲ್ಲಿ ಬಿಎಫ್‌ಸಿ ಶರ್ಟ್ ಹಾಕಿಕೊಂಡು ನಿಂತಿದ್ದೆ, ಹಿಂದಿನವರು ಇದು ಯಾವ ಬ್ಯಾಂಕಿನ ಯೂನಿಫಾರ್ಮು ಅಂದರು.

ಲೆಕ್ಕದ ಮೇಷ್ಟ್ರು

ಹಾಗೆ ನೋಡಿದರೆ 2017ರಲ್ಲೂ ಇದೇ ಕಪ್ಪಿನ ಫೈನಲ್ ಹತ್ತಿರ ಹೋಗಿದ್ದೆವು. ವಲಯಗಳ ನಡುವಿನ ಫೈನಲ್‌ನಲ್ಲಿ ತಜಿಕಿಸ್ತಾನದ ಇಸ್ತಿಕ್ಲೋಲ್ ಜೊತೆ ಅಲ್ಲಿ 0-1, ಇಲ್ಲಿ 2-2. ಒಂದು ಗೋಲಿನಲ್ಲಿ ಹೋಯಿತು. ಅದರ ಮೇಲೆ ಬೇರೆ ಚರ್ಚೆ ತೆಗೆಯಬೇಕು.

ಆಫ್‌ಸೈಡ್ ಅಣ್ಣ

ತೆಗೀರಿ. ಅಲ್ಲೂ ರೋಕಾ ಹೆದರಿದರು ಅಂತ ನಾನು ಬರೀತೀನಿ.

ಕಾವೇರಿ ಕಾಲುವೆ

ಹುಡುಗನಿಗೆ ಒಂದು ತಮಾಷೆ ಹೇಳಿ ಮೂರ್ತಿಯವರೇ. ಆ ವರ್ಷ ಜೊಹೋರ್ ತಂಡದಲ್ಲಿದ್ದ ಅರ್ಜೆಂಟೀನಾದ ಪೆರೇರಾ ಡಿಯಾಸ್ ಆಮೇಲೆ ಕೇರಳ, ಮುಂಬೈ ಸುತ್ತಿ 2024ರಲ್ಲಿ ನಮ್ಮ ಬಿಎಫ್‌ಸಿಗೇ ಬಂದು ಛೆಟ್ರಿ ಪಕ್ಕದಲ್ಲಿ ಆಡಿದರು. ಐಎಸ್‌ಎಲ್ ನೋಡೋ ಹುಡುಗನಾದರೆ ಹೆಸರು ಗೊತ್ತಿರುತ್ತೆ.

ಹಲಸೂರು ಕೆರೆ ಏರಿ

ನನ್ನ ಹೆಸರು ಮೂರ್ತಿ ಅಲ್ಲ, ಯಾಕೆ ಹಾಗೆ ಅಂದುಕೊಂಡ್ರೋ. ಇರಲಿ.

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮತ್ತೆ ಊಟಕ್ಕೆ ಹೋಗಿದ್ದೆ. ಮೇಷ್ಟ್ರು ಹೇಳಿದ ರಜೆಯ ಲೆಕ್ಕ ಹೇಳಿದೆ. ಗೀತಕ್ಕನ 16 ಗೋಲಿನ ಲೆಕ್ಕ ಹೇಳಿದೆ. ಹುಡುಗ ಸ್ವಲ್ಪ ಬಗ್ಗಿದ. ಆದರೂ, "ಮಾಮ, ಎಲ್ಲಾ ಸರಿ, ನೀನು ಆ ಸೆಮಿಗೆ ಹೋಗಿದ್ಯಾ?" ಅಂದ. ನಾನು ಹೋಗಿರಲಿಲ್ಲ. ಕೈಯಲ್ಲಿ ಟಿಕೆಟ್ ಇತ್ತು, ಆಫೀಸಲ್ಲಿ ಬುಧವಾರದ ಮೀಟಿಂಗ್ ಎಳೆದು ಎಳೆದು ಎಂಟೂವರೆ ಮಾಡಿದರು. ಆ ಟಿಕೆಟ್ ಇನ್ನೂ ಪರ್ಸಲ್ಲಿದೆ, ಅಕ್ಷರ ಎಲ್ಲ ಮಾಸಿಹೋಗಿದೆ. ತೋರಿಸಿದರೆ, ಇದು ಬಸ್ ಟಿಕೆಟ್ ಅಂತಾನೆ.

ಮೆಟ್ರೊ ಮಂಜ

ಅಣ್ಣ, ನೀವು ಟಿಕೆಟ್ ಇದ್ದೂ ಹೋಗಿಲ್ಲ, ನಾನು ಹೋಗಿ ಅರ್ಧಕ್ಕೆ ಬಂದೆ. ವಾಣಿ ಅಕ್ಕ ಈಗ ನಿಮಗೆ ಬೈಯಲಿ.

ವೆಸ್ಟ್ ಬ್ಲಾಕ್ ವಾಣಿ

ಇಬ್ಬರೂ ಸೇರಿ ಮುಂದಿನ ಹೋಮ್ ಮ್ಯಾಚಿಗೆ ಬನ್ನಿ. ಹುಡುಗನನ್ನೂ ಕರೆತನ್ನಿ. ನೀರಿನ ಬಾಟಲಿ ನಾನು ತರ್ತೀನಿ.

ಕಡ್ಲೆಪುರಿ

ಚುರುಮುರಿ ಅಜ್ಜ ಬರ್ತಾರಾ ಇಲ್ವಾ ಅಂತ ಇನ್ನೂ ಯಾರೂ ಹೇಳಲಿಲ್ಲ.